ಮೂಕಪಶುವಿನ ಕಣ್ಣು ತೆಗೆಸುವ ಹೊತ್ತು

ಮನುಷ್ಯನ ಕಣ್ಣಿಗೆ ಬೇನೆ ಬಂದರೆ ಜತ್ತ ಸೀಮೆಯವರು ಮಿರಜಿನ ದಾರಿ ಹಿಡಿಯುತ್ತಾರೆ. 1894ರಲ್ಲಿ ಡಾ. ವಾನ್ಲೆಸ್ ಎಂಬ ಮಿಶನರಿ ವೈದ್ಯರು ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಅದು ನಮ್ಮ ಕಡೆಯವರು ತಲೆಮಾರುಗಳಿಂದ ತುಳಿಯುತ್ತ ಬಂದ ದಾರಿ. ದನದ ಕಣ್ಣಿಗೆ ಬೇನೆ ಬಂದರೆ ಮಾತ್ರ ಎಲ್ಲಿಗೂ ಹೋಗುವ ರೂಢಿಯಿಲ್ಲ. ಚಿಕಿತ್ಸೆಯೆಲ್ಲ ಗೋದಲಿಯ ಬಳಿಯಲ್ಲೇ ಮುಗಿಯುತ್ತದೆ. ಮನೆಯಲ್ಲಿ ತಂಬಾಕು ಅಗಿಯುವ ಹಿರಿಯರೊಬ್ಬರಿದ್ದರೆ ಅವರೇ ವೈದ್ಯರು. ಅವರ ಬಾಯೊಳಗಿನ ರಸವೇ ಔಷಧ. ಅದು ನಾಟದಿದ್ದರೆ ಉಪ್ಪಿನ ಪುಡಿ. ಅದೂ ನಾಟದಿದ್ದರೆ, ‘ಹೂ ಬಿದ್ದೈತಿ, ಇನ್ನ ಹೋಗೂದಿಲ್ಲ ಬಿಡ್ರಿ’ ಎಂಬ ತೀರ್ಪು.

ಈ ತೀರ್ಪಿಗೂ ನಿಜವಾದ ಕೊನೆಗೂ ನಡುವೆ ತಿಂಗಳುಗಟ್ಟಲೆ ಕಾಲ ಉಳಿದಿರುತ್ತದೆ. ಆ ಕಾಲದಲ್ಲಿ ಪಶುವು ಏನನ್ನು ಅನುಭವಿಸುತ್ತದೆ ಎಂಬುದನ್ನು ನಾವು ನಮ್ಮ ಮನೆಯ ಕೊಟ್ಟಿಗೆಯಲ್ಲಿಯೇ ಕಂಡಿದ್ದೇವೆ. ಕಂಡೂ ಸುಮ್ಮನಿದ್ದೆವು. ಆದುದರಿಂದಲೇ ಈ ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿತು.

ನಮ್ಮಲ್ಲಿ ಗೌರಿ ಎಂಬ ಮಿಶ್ರತಳಿಯ ಆಕಳು. ಕಪ್ಪು ಮೈ, ಬಿಳಿಯ ಮುಖ, ಗುಲಾಬಿ ಬಣ್ಣದ ರೆಪ್ಪೆಗಳು. ನೋಡುವವರೆಲ್ಲ ಆ ಬಿಳಿಯ ಮುಖವನ್ನು ಹೊಗಳುತ್ತಿದ್ದರು. ಆ ಬಿಳುಪಿನಲ್ಲಿಯೇ ಕೇಡು ಅಡಗಿತ್ತೆಂದು ಯಾರಿಗೆ ಗೊತ್ತಿತ್ತು? ಒಂದು ಬೇಸಿಗೆಯಲ್ಲಿ ಅದರ ಎಡಗಣ್ಣಿನ ಒಳಮೂಲೆಯಲ್ಲಿ ಜೋಳದ ಕಾಳಿನಷ್ಟು ಕೆಂಪು ಗಂಟೊಂದು ಕಾಣಿಸಿತು. ಕಸ ಬಿದ್ದಿರಬೇಕೆಂದು ನೀರು ಚಿಮುಕಿಸಿದೆವು. ದೀಪಾವಳಿಯ ಹೊತ್ತಿಗೆ ಅದು ಹುಣಸೆಬೀಜದಷ್ಟಾಯಿತು. ಬನದ ಹುಣ್ಣಿಮೆಗೆ ಅರ್ಧ ಲಿಂಬೆಹಣ್ಣಿನಷ್ಟಾಗಿ, ರೆಪ್ಪೆ ಮುಚ್ಚಲಾರದೆ, ಕಣ್ಣೀರು ಕೀವಾಗಿ ಕೆನ್ನೆಯ ಕೂದಲನ್ನು ಸುಟ್ಟಿತು. ವಾಸನೆ ಬಂತು, ವಾಸನೆಯ ಹಿಂದೆ ನೊಣ ಬಂತು. ಗೌರಿ ಕಣ್ಣನ್ನು ಮುಚ್ಚಿಕೊಂಡು, ಹಣೆಯನ್ನು ಗೋಡೆಗೆ ಒತ್ತಿ ನಿಲ್ಲತೊಡಗಿತು. ಹಾಲು ಕಡಿಮೆಯಾದಾಗ ಮಾತ್ರ ನಮಗೆ ಪಶುವೈದ್ಯರ ನೆನಪಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಸಂಗತಿ ಇದ್ದದ್ದೇ ಹೀಗೆ.

ನಮ್ಮ ತಾಲೂಕಿನ ಪೂರ್ವಭಾಗದಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಬಂದ ವೈದ್ಯರು ಬೇರೆ ಜಿಲ್ಲೆಯ ತರುಣರು. ಕಣ್ಣನ್ನು ಬಹಳ ಹೊತ್ತು ಪರೀಕ್ಷಿಸಿ, ಕಿವಿಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿ, ನಮ್ಮ ಅವ್ವನ ಕಡೆ ತಿರುಗಿ, ‘ಡೋಳಾ ಕಾಢಾವಾ ಲಾಗೇಲ, ಆಜೀ’ ಎಂದರು. ಅವ್ವ ಸಂತೆಯ ಮರಾಠಿಯನ್ನು ಬಲ್ಲಳು, ದವಾಖಾನೆಯ ಮರಾಠಿಯನ್ನಲ್ಲ. ಪಕ್ಕದಲ್ಲಿದ್ದ ನಾವು ಅವಸರದಲ್ಲಿ, ‘ಕಣ್ಣ ತಗೀಬೇಕಂತ’ ಎಂದು ಕನ್ನಡಿಸಿದೆವು. ಅವ್ವನ ಮುಖ ಅರಳಿತು. ‘ತಗೀರಿ ಮತ್ತ! ಎಷ್ಟ ದಿನಾ ಅಂತ ಮುಚ್ಚಿಕೊಂಡ ನಿಂದರತೈತಿ ಮೂಕಪ್ರಾಣಿ?’

ನಮ್ಮ ಕಡೆಯ ಕನ್ನಡದಲ್ಲಿ ಕಣ್ಣು ತೆಗೆಯುವುದೆಂದರೆ ತೆರೆಯುವುದೆಂದೂ ಅರ್ಥ. ಅವ್ವ ಒಪ್ಪಿಗೆ ಕೊಟ್ಟದ್ದು ಆ ಅರ್ಥಕ್ಕೆ. ನಿಜವಾದ ಅರ್ಥವನ್ನು ಬಿಡಿಸಿ ಹೇಳಿದಾಗ ಆಕೆ ಅಲ್ಲಿಯೇ ಕುಳಿತುಬಿಟ್ಟಳು. ‘ಕಣ್ಣ ಕಿತ್ತ ಆಕಳಾ ಯಾರರ ಮನ್ಯಾಗ ಕಟ್ಟತಾರೇನೋ ತಮ್ಮಾ?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಣ್ಣು ಕೀಳುವುದೆಂದರೆ ನಮ್ಮ ಕಥೆಗಳಲ್ಲಿ ಒಂದೋ ರಾಜನು ವಿಧಿಸಿದ ಶಿಕ್ಷೆ, ಇಲ್ಲವೆ ಬೇಡರ ಕಣ್ಣಪ್ಪನ ಭಕ್ತಿ. ಮೂರನೆಯದಾಗಿ ಅದೊಂದು ಚಿಕಿತ್ಸೆಯೂ ಆಗಿರಬಹುದೆಂಬ ಕಲ್ಪನೆ ನಮ್ಮ ಮನೆಗಳಲ್ಲಿ ಇನ್ನೂ ಬೇರೂರಿಲ್ಲ.

ವೈದ್ಯರು ಸಿಟ್ಟಾಗಲಿಲ್ಲ. ಅವರು ಹೇಳಿದ ಒಂದು ಮಾತು ಮಾತ್ರ ನಮ್ಮ ಎದೆಯಲ್ಲಿ ಇಂದಿಗೂ ಚುಚ್ಚುತ್ತದೆ. ಗಂಟು ಜೋಳದ ಕಾಳಿನಷ್ಟಿದ್ದಾಗ ತೋರಿಸಿದ್ದರೆ ಕಣ್ಣನ್ನು ಮುಟ್ಟುವ ಕಾರಣವೇ ಇರಲಿಲ್ಲವಂತೆ. ದನ, ನಾಯಿ, ಬೆಕ್ಕುಗಳಿಗೆ ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲದೆ ಕಣ್ಣಿನ ಒಳಮೂಲೆಯಲ್ಲಿ ಮೂರನೆಯ ರೆಪ್ಪೆಯೊಂದಿರುತ್ತದೆ. ಗೌರಿಯ ಗಂಟು ಹುಟ್ಟಿದ್ದು ಅದರ ಮೇಲೆ. ಮರಗಟ್ಟಿಸುವ ಮದ್ದು ಹಾಕಿ ಆ ರೆಪ್ಪೆಯನ್ನಷ್ಟೇ ಕತ್ತರಿಸಿ ತೆಗೆದಿದ್ದರೆ ಸಾಕಿತ್ತು. ಅಲ್ಪ ಹೊತ್ತಿನ ಕೆಲಸ. ಒಂದು ರೆಪ್ಪೆಯಿಂದ ಮುಗಿಯಬೇಕಾದ ಲೆಕ್ಕವನ್ನು ನಾವು ಒಂದು ಕಣ್ಣಿನ ತನಕ ಬೆಳೆಸಿದ್ದೆವು.

ಬಿಸಿಲು ಮತ್ತು ಬಿಳಿಯ ರೆಪ್ಪೆ

ಇದು ದನಗಳ ಕಣ್ಣಿನ ಕ್ಯಾನ್ಸರು. ಎತ್ತುಗಳಿಗೆ ಬರುವ ಕೋಡಿನ ಕ್ಯಾನ್ಸರನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಕೋಡು ಒಂದು ಕಡೆ ವಾಲಿದೊಡನೆ ಗುರುತಿಸುತ್ತಾರೆ. ಕಣ್ಣಿನದು ಅಷ್ಟು ಪರಿಚಿತವಲ್ಲ. ಇದರ ಹಿಂದಿರುವ ಮುಖ್ಯ ಕಾರಣಗಳಲ್ಲೊಂದು ಸೂರ್ಯನ ಅತಿನೇರಳೆ ಕಿರಣ. ರೆಪ್ಪೆಯ ಚರ್ಮ ಕಪ್ಪಾಗಿದ್ದರೆ ಆ ಕಪ್ಪೇ ಕಣ್ಣಿಗೆ ಛತ್ರಿ. ರೆಪ್ಪೆ ಗುಲಾಬಿಯಾಗಿರುವ, ಮುಖ ಬಿಳುಪಾಗಿರುವ ದನಗಳಿಗೆ ಆ ಛತ್ರಿ ಇರುವುದಿಲ್ಲ. ಅಮೇರಿಕ, ಆಸ್ಟ್ರೇಲಿಯಗಳ ಬಿಳಿಮುಖದ ಹೆರೆಫರ್ಡ್ ದನಗಳಲ್ಲಿ ಈ ರೋಗ ಬಹುಕಾಲದಿಂದ ಪ್ರಸಿದ್ಧವಾಗಿದೆ. ಸಾಮಾನ್ಯವಾಗಿ ನಡುಪ್ರಾಯ ದಾಟಿದ ಪಶುಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಜತ್ತದಂತಹ ಮಳೆ ಕಡಿಮೆಯ, ಮರದ ನೆರಳು ಅಪರೂಪವಾದ ನಾಡಿನಲ್ಲಿ ವರ್ಷದ ಬಹುಪಾಲು ಬಯಲಲ್ಲೇ ನಿಲ್ಲುವ ಮಿಶ್ರತಳಿಯ ಆಕಳಿಗೆ ಈ ಭಯ ಹೆಚ್ಚೆಂದೇ ತಿಳಿಯಬೇಕು. ಗೋದಲಿಯ ಮೇಲೊಂದು ಚಪ್ಪರ ಹಾಕುವುದು ಹಾಲಿಗೂ ಒಳ್ಳೆಯದು, ಕಣ್ಣಿಗೂ ಒಳ್ಳೆಯದು.

ಕಪ್ಪು ಬಿಳುಪು ಕೂಡುವ ಅಂಚಿನಲ್ಲಿ, ಕೆಳರೆಪ್ಪೆಯ ಅಂಚಿನಲ್ಲಿ ಅಥವಾ ಒಳಮೂಲೆಯಲ್ಲಿ ಬಿಳಿಯ ಚಕ್ಕೆಯಂತೆ, ಇಲ್ಲವೆ ನರುಳೆಯಂತೆ ಏನಾದರೂ ಕಂಡರೆ ಅದು ತಡಮಾಡಬಾರದ ಗುರುತು. ತಡವಾದರೆ ರೋಗ ಕಿವಿಯ ಕೆಳಗಿನ ಗ್ರಂಥಿಗೆ ಇಳಿಯುತ್ತದೆ. ಗೌರಿಯ ಕಿವಿಯ ಕೆಳಗೆ ವೈದ್ಯರು ಬೆರಳಿಟ್ಟು ಹುಡುಕಿದ್ದು ಅದನ್ನೇ. ಅಲ್ಲಿ ಗಂಟು ಸಿಕ್ಕಿದ್ದರೆ ಕಣ್ಣು ತೆಗೆದರೂ ಜೀವ ಉಳಿಯುವ ಭರವಸೆ ತೀರ ಕಡಿಮೆಯಾಗುತ್ತಿತ್ತು. ನಮ್ಮ ಪುಣ್ಯ, ಸಿಗಲಿಲ್ಲ.

ಆದರೆ ಕೆಂಪಾದ ಕಣ್ಣೆಲ್ಲ ಕ್ಯಾನ್ಸರಲ್ಲ, ಹೂ ಬಿದ್ದ ಕಣ್ಣೆಲ್ಲ ತೆಗೆಸಬೇಕಾದುದೂ ಅಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಧೂಳು, ನೊಣ ಮತ್ತು ದನಗಳ ಜಂಗುಳಿ ಮೂರೂ ಸೇರಿದಲ್ಲಿ ಕಣ್ಣುಬೇನೆಯ ಸೂಕ್ಷ್ಮಜೀವಿ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. 2012-13ರ ಬರದಲ್ಲಿ ನಮ್ಮ ಭಾಗದಲ್ಲಿ ತೆರೆದಿದ್ದಂತಹ ಚಾರಾ ಛಾವಣಿಗಳಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ. ಈ ಬೇನೆಯಲ್ಲಿ ಕಣ್ಣಿನ ಮೇಲೆ ಬಿಳಿಯ ಪೊರೆ ಕವಿದು ಕುರುಡಾದಂತೆ ಕಂಡರೂ, ಆಕ್ಸಿಟೆಟ್ರಾಸೈಕ್ಲಿನ್‌ನಂತಹ ಔಷಧ ಸಕಾಲದಲ್ಲಿ ಸಿಕ್ಕರೆ ಹಲವು ವಾರಗಳಲ್ಲಿ ಪೊರೆ ತಿಳಿಯಾಗುವುದುಂಟು. ಕಣ್ಣೊಳಗೆ ದಾರದೆಳೆಯಂತಹ ಬಿಳಿಯ ಹುಳು ಓಡಾಡುವುದೂ ಉಂಟು; ಅದಕ್ಕೂ ಮದ್ದಿದೆ. ಮನೆಯಲ್ಲಿ ಉಳಿದಿದ್ದ ಯಾವುದೋ ಮುಲಾಮನ್ನು ಹಚ್ಚುವ ದುಸ್ಸಾಹಸ ಮಾತ್ರ ಬೇಡ. ಕಣ್ಣಿನ ಮೇಲ್ಪದರದಲ್ಲಿ ಗಾಯವಿರುವಾಗ ಸ್ಟಿರಾಯ್ಡ್ ಬೆರೆತ ಮುಲಾಮು ಬಿದ್ದರೆ ಗಾಯ ಮಾಯುವ ಬದಲು ಆಳಕ್ಕಿಳಿದು ಕಣ್ಣೇ ಒಡೆಯಬಹುದು. ತಂಬಾಕಿನ ರಸದ ಕಥೆಯೂ ಅದೇ. ಅದು ಹೂವನ್ನು ಕರಗಿಸುವುದಿಲ್ಲ, ಕಣ್ಣನ್ನು ಸುಡುತ್ತದೆ.

ಹಾಗಾದರೆ ತೆಗೆಸಬೇಕಾದ ಕಣ್ಣು ಯಾವುದು? ಕಣ್ಣುಗುಡ್ಡೆಯನ್ನು ಗಂಟು ಆವರಿಸಿದಾಗ. ಜಾಲಿಯ ಮುಳ್ಳೋ ಜೋಳದ ಕೂಳೆಯೋ ಜೊತೆಯ ಎತ್ತಿನ ಕೋಡೋ ತಗುಲಿ ಗುಡ್ಡೆ ಒಡೆದು ಒಳಗಿನದೆಲ್ಲ ಸುರಿದಾಗ. ಕಣ್ಣೊಳಗೆ ಕೀವು ತುಂಬಿದಾಗ. ನಾಯಿಗಳಲ್ಲಿ ಕಣ್ಣೊಳಗಿನ ಒತ್ತಡ ಏರಿ ಕಣ್ಣು ಉಬ್ಬಿ, ದೃಷ್ಟಿ ಪೂರ್ಣ ಹೋದಮೇಲೂ ನೋವು ಮಾತ್ರ ಉಳಿದಾಗ. ಇವೆಲ್ಲವುಗಳಲ್ಲಿ ಸಾಮಾನ್ಯವಾದ ಅಂಶ ಒಂದೇ. ಆ ಕಣ್ಣು ನೋಡುವುದನ್ನು ನಿಲ್ಲಿಸಿದೆ, ನೋಯುವುದನ್ನು ನಿಲ್ಲಿಸಿಲ್ಲ. ಅದನ್ನು ಇಟ್ಟುಕೊಂಡಿರುವುದು ಪಶುವಿಗಾಗಿ ಅಲ್ಲ. ಅದರ ಮುಖವನ್ನು ನೋಡುವ ನಮಗಾಗಿ. ಅವ್ವನಿಗೆ ಕೊನೆಗೆ ನಾಟಿದ್ದೂ ಈ ಮಾತೇ. ‘ಆಕೀ ಹಲ್ಲ ಕೊಳೆತರ ಕೀಳಸ್ತೀವಿಲ್ಲೋ, ಹಂಗ ಅನ್ನು’ ಎಂದು ತನ್ನ ಸೊಸೆಯ ಕಡೆ ತೋರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಪ್ಪಿದಳು.

ನಿಂತಲ್ಲಿಯೇ ನಡೆದ ಶಸ್ತ್ರಕ್ರಿಯೆ

ಕಣ್ಣುಗುಡ್ಡೆಯನ್ನು ತೆಗೆಯುವುದು ಹೊಸ ವಿದ್ಯೆಯಲ್ಲ. 1583ರಲ್ಲಿ ಡ್ರೆಸ್ಡನ್ನಿನ ಬಾರ್ಟಿಶ್ ಎಂಬಾತ ತನ್ನ ನೇತ್ರಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಆಗಿನ ಕ್ರಮ ಕ್ರೂರವಾದುದು, ಅರಿವಳಿಕೆಯೇ ಇರಲಿಲ್ಲ. 1841ರಲ್ಲಿ ಡಬ್ಲಿನ್ನಿನ ಓಫೆರಲ್, ಫ್ರಾನ್ಸಿನ ಲಿಯೋನ್ ನಗರದ ಬೊನೆ ಎಂಬಿಬ್ಬರು ಬೇರೆಬೇರೆಯಾಗಿ, ಗುಡ್ಡೆಗೆ ಅಂಟಿದ ಸ್ನಾಯುಗಳನ್ನು ಒಂದೊಂದಾಗಿ ಅದರ ಹತ್ತಿರದಲ್ಲೇ ಕತ್ತರಿಸಿ ಗುಡ್ಡೆಯನ್ನಷ್ಟೇ ಹೊರತೆಗೆಯುವ ಕ್ರಮವನ್ನು ತೋರಿಸಿದರು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ಕಂಡುಹಿಡಿದರು. ಆ ಹನಿಯನ್ನು ಮನುಷ್ಯನಿಗಿಂತ ಮೊದಲು ಕಪ್ಪೆಯ ಕಣ್ಣಿಗೆ ಹಾಕಿ ನೋಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಪ್ರಾಣಿಗಳ ಋಣ ನಮ್ಮ ಮೇಲೆ ಹಳೆಯದು. ಇಂದು ಬಳಸುವ ಲಿಗ್ನೊಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾದುದು.

ಗೌರಿಯನ್ನು ಮಲಗಿಸುತ್ತಾರೆಂದು ನಾವು ತಿಳಿದಿದ್ದೆವು. ಮಲಗಿಸಲಿಲ್ಲ. ದನದ ಹೊಟ್ಟೆ ದೊಡ್ಡದು. ಮಲಗಿಸಿದರೆ ಹೊಟ್ಟೆ ಉಬ್ಬುವ, ಮೆಲುಕಿನ ಮೇವು ಶ್ವಾಸಕ್ಕೆ ಹೋಗುವ ಭಯವುಂಟು. ದವಾಖಾನೆಯ ಅಂಗಳದಲ್ಲಿ ಕೊಳವೆಗಳ ಚೌಕಟ್ಟಿನೊಳಗೆ ನಿಲ್ಲಿಸಿ, ಮೂಗುದಾಣ ಹಿಡಿದು ತಲೆಯನ್ನು ಒಂದು ಪಕ್ಕಕ್ಕೆ ಬಿಗಿದರು. ಮಂಪರು ಬರಿಸುವ ಜೈಲಜೀನ್ ಎಂಬ ಮದ್ದನ್ನು ಬಹಳ ಅಲ್ಪ ಪ್ರಮಾಣದಲ್ಲಿ ಚುಚ್ಚಿದರು. ಕುದುರೆಗೆ ಕೊಡುವುದರ ಹತ್ತನೆಯ ಒಂದು ಪಾಲು ದನಕ್ಕೆ ಸಾಕಾಗುತ್ತದೆಯಂತೆ. ಆಕಳು ಗಬ್ಬವಿದೆಯೇ ಎಂದು ಅವರು ಮೊದಲೇ ಎರಡು ಸಲ ಕೇಳಿದ್ದರು. ತುಂಬುಗಬ್ಬದಲ್ಲಿ ಈ ಮದ್ದು ಗರ್ಭಕ್ಕೆ ತೊಂದರೆ ಕೊಡಬಲ್ಲುದಾದ್ದರಿಂದ ಆ ವಿಷಯವನ್ನು ಮುಚ್ಚಿಡಬಾರದು.

ಆಮೇಲೆ ಕೂದಲು ಬೋಳಿಸಿ, ತೊಳೆದು, ಬಾಗಿದ ಉದ್ದ ಸೂಜಿಯಿಂದ ಕಣ್ಣುಗೂಡಿನ ನಾಲ್ಕು ಕಡೆಗಳಲ್ಲಿ ಗುಡ್ಡೆಯ ಹಿಂದಕ್ಕೆ ಲಿಗ್ನೊಕೇನ್ ಇಳಿಸಿದರು. ಅದನ್ನು ನೋಡುವುದೇ ನಮಗೆ ಕಷ್ಟವಾಯಿತು. ಗೌರಿ ಮಾತ್ರ ಒಮ್ಮೆ ಕಿವಿ ಕೊಡವಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಗುಡ್ಡೆ ಕೊಂಚ ಮುಂದಕ್ಕೆ ಬಂತು, ರೆಪ್ಪೆ ಮಿಡಿಯುವುದು ನಿಂತಿತು. ಬೆರಳು ತಗುಲಿಸಿದರೂ ಮಿಡಿಯಲಿಲ್ಲ. ನೋವು ಸತ್ತಿತೆಂಬುದಕ್ಕೆ ಅದೇ ಗುರುತೆಂದು ವೈದ್ಯರು ತೋರಿಸಿದರು.

ಮುಂದಿನದು ಹೀಗೆ. ಎರಡೂ ರೆಪ್ಪೆಗಳನ್ನು ಒಂದಕ್ಕೊಂದು ಹೊಲಿದು ಚೀಲದ ಬಾಯಿಯಂತೆ ಮುಚ್ಚಿದರು. ಒಳಗಿನ ಕೀವೂ ರೋಗದ ಕಣಗಳೂ ಹೊರಚೆಲ್ಲಬಾರದೆಂದು. ಆ ಹೊಲಿಗೆಯ ಸುತ್ತ ಬೆರಳಗಲದೊಳಗೆ ಚರ್ಮವನ್ನು ಕೊಯ್ದು, ಮುಚ್ಚಿದ ಚೀಲವನ್ನು ಸುತ್ತಲೂ ಬಿಡಿಸುತ್ತ ಹೋದರು. ಕೊನೆಗೆ ಉಳಿಯುವುದು ಹಿಂದಿನ ಸ್ನಾಯುಗಳು, ದೃಷ್ಟಿನರ, ಅದರ ಜೊತೆಯ ರಕ್ತನಾಳಗಳು. ಅಲ್ಲಿ ಇಕ್ಕಳ ಹಾಕಿ, ದಾರದಿಂದ ಕಟ್ಟಿ, ಕತ್ತರಿಸಿದರು. ರಕ್ತ ಕಡಿಮೆಯೇನೂ ಬರಲಿಲ್ಲ; ನೋಡಲು ಬಂದಿದ್ದವರಲ್ಲಿ ಒಬ್ಬರು ತಲೆಸುತ್ತಿ ಕಟ್ಟೆಯ ಮೇಲೆ ಕುಳಿತರು. ಗೂಡಿನೊಳಗೆ ಶುದ್ಧ ಬಟ್ಟೆಯ ಪಟ್ಟಿಯನ್ನು ಒತ್ತಿ ತುಂಬಿ, ಅದರ ತುದಿಯನ್ನಷ್ಟೇ ಹೊರಗುಳಿಸಿ, ಚರ್ಮವನ್ನು ಹೊಲಿದರು. ಎಲ್ಲ ಸೇರಿ ಒಂದು ತಾಸಿನ ಮೇಲೆ ಸ್ವಲ್ಪ. ಮಂಪರು ಇಳಿದೊಡನೆ ಗೌರಿ ಮಾಡಿದ ಮೊದಲ ಕೆಲಸ ಮೇವಿನ ಕಡೆ ಬಾಯಿ ಚಾಚಿದ್ದು.

ಮೂರನೆಯ ದಿನ ಪಟ್ಟಿಯನ್ನು ಎಳೆದು ತೆಗೆದರು. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಆ ಅವಧಿಯಲ್ಲಿ ನಮ್ಮ ಹೊಣೆ ಮುಖ್ಯವಾಗಿ ನೊಣವನ್ನು ಕಾಯುವುದು. ನೊಣ ಕುಳಿತಲ್ಲಿ ಹುಳು ಬೀಳುತ್ತದೆ. ಹುಳು ಬಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಪ್ರತಿಜೀವಕದ ಚುಚ್ಚುಮದ್ದು ನಡೆದಷ್ಟು ದಿನ, ಮತ್ತೆ ವೈದ್ಯರು ಹೇಳಿದಷ್ಟು ದಿನ, ಹಾಲನ್ನು ಡೇರಿಗೆ ಹಾಕಲಿಲ್ಲ. ಈ ನಿಯಮವನ್ನು ಮುರಿಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ನಮಗೂ ಹುಟ್ಟಿತ್ತು. ನೋವಿಗೆ ಮೆಲಾಕ್ಸಿಕಾಮ್ ಕೊಟ್ಟರು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡೈಕ್ಲೋಫೆನಾಕನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಬೇಕು. ಅದನ್ನು ಕೊಟ್ಟ ದನ ಸತ್ತು, ಅದರ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು 2006ರಲ್ಲಿ ಸರಕಾರವು ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿದೆ. ಆಕಾಶದಲ್ಲಿ ರಣಹದ್ದುಗಳನ್ನು ಕಂಡು ಎಷ್ಟು ವರ್ಷವಾಯಿತೆಂದು ವಾಚಕರು ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಎಲ್ಲ ಕಣ್ಣುಗಳಿಗೂ ಇಷ್ಟೇ ಕೆಲಸವೆಂದಲ್ಲ. ರೋಗ ಗುಡ್ಡೆಯೊಳಗೇ ಇದ್ದರೆ ಗುಡ್ಡೆಯನ್ನಷ್ಟೇ ತೆಗೆದರಾಯಿತು. ಗೂಡಿನ ಕೊಬ್ಬಿಗೂ ಸ್ನಾಯುವಿಗೂ ಹರಡಿದ್ದರೆ ಗೂಡನ್ನೇ ಬರಿದು ಮಾಡಬೇಕಾಗುತ್ತದೆ. ಆಗ ಗುಳಿ ಆಳವಾಗುತ್ತದೆ. ಪಟ್ಟಣಗಳಲ್ಲಿ ನಾಯಿಗಳಿಗೆ ಗುಡ್ಡೆಯ ಹೊರಚಿಪ್ಪನ್ನು ಉಳಿಸಿ ಒಳಗಿನದನ್ನು ತೆಗೆದು ಸಿಲಿಕೋನಿನ ಗೋಲಿಯನ್ನು ಇಡುವುದೂ ಉಂಟು. ಅದು ನೋಡುವವರ ಸಮಾಧಾನಕ್ಕೆ. ಕ್ಯಾನ್ಸರಿದ್ದಲ್ಲಿ, ಕೀವಿದ್ದಲ್ಲಿ ಅದು ಸಲ್ಲದು.

ಕುರಿಹಿಂಡಿನ ನಾಯಿ, ಪಟ್ಟಣದ ನಾಯಿ

ನಮ್ಮ ತಾಲೂಕಿನ ಮಾಡಗ್ಯಾಳ ಎಂಬ ಊರು ಗಿಳಿಮೂಗಿನ ಎತ್ತರದ ಕುರಿಗಳಿಗೆ ಹೆಸರಾದದ್ದು. ಆ ಕುರಿಗಳಿಗೆ ಬರುವ ಬೆಲೆ ಈಗ ಪತ್ರಿಕೆಗಳ ಸುದ್ದಿಯಾಗಿದೆ. ಅವುಗಳನ್ನು ಕಾಯುವ ನಾಯಿಯ ಸುದ್ದಿ ಮಾತ್ರ ಯಾರೂ ಬರೆಯುವುದಿಲ್ಲ. ಹಿಂಡಿನ ನಾಯಿಗಳಿಗೆ ಕಣ್ಣಿನ ಗಾಯ ಆಗುವುದು ಮುಳ್ಳುಕಂಟಿಯಿಂದ, ಇಲ್ಲವೆ ಜಗಳದಿಂದ. ಉದ್ದ ಮೂತಿಯ ಮುಧೋಳ ಜಾತಿಯಂತಹ ನಾಯಿಗಳ ಕಣ್ಣು ಗೂಡಿನೊಳಗೆ ಭದ್ರವಾಗಿರುವುದರಿಂದ ಗುಡ್ಡೆಯೇ ಹೊರಗೆ ಬರುವುದು ಅಪರೂಪ. ಸಾಂಗಲಿ, ಸೊಲ್ಲಾಪುರಗಳ ಮನೆಗಳಲ್ಲಿ ಈಗ ಕಾಣುವ ಚಪ್ಪಟೆ ಮೂತಿಯ ಪಗ್ ಜಾತಿಯದರ ಸ್ಥಿತಿ ಬೇರೆ. ಅದರ ಕಣ್ಣುಗೂಡು ಎಷ್ಟು ಆಳವಿಲ್ಲವೆಂದರೆ ಕೊರಳಪಟ್ಟಿ ಹಿಡಿದು ಜೋರಾಗಿ ಜಗ್ಗಿದರೂ, ದೊಡ್ಡ ನಾಯಿಯೊಂದು ಕತ್ತು ಹಿಡಿದರೂ ಗುಡ್ಡೆ ರೆಪ್ಪೆಯಿಂದಾಚೆ ಜಾರಿಬರಬಹುದು. ಹಾಗಾದಾಗ ಗಾಬರಿಯಿಂದ ಬೆರಳಿನಲ್ಲಿ ಒಳಗೆ ತಳ್ಳಬಾರದು. ಶುಭ್ರವಾದ ಒದ್ದೆ ಬಟ್ಟೆಯಿಂದ ಮುಚ್ಚಿ, ನಾಯಿ ಕೆರೆದುಕೊಳ್ಳದಂತೆ ಹಿಡಿದು, ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಬೇಗ ಹೋದರೆ ಗುಡ್ಡೆಯನ್ನು ಮರಳಿ ಕೂಡಿಸಿ ರೆಪ್ಪೆ ಹೊಲಿಯುವ ಸಾಧ್ಯತೆಯಿದೆ. ತಡವಾದರೆ ತೆಗೆಯುವುದೊಂದೇ ದಾರಿ.

ನಾಯಿ ಬೆಕ್ಕುಗಳಿಗೆ ಈ ಶಸ್ತ್ರಕ್ರಿಯೆಯನ್ನು ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಮಾಡುತ್ತಾರೆ. ಗುಡ್ಡೆಯನ್ನು ಜಗ್ಗಿದಾಗ ಹೃದಯದ ಬಡಿತ ಇಳಿಯುವುದುಂಟಾದ್ದರಿಂದ ಒಬ್ಬರು ನಾಡಿಯ ಮೇಲೇ ಗಮನವಿಡುತ್ತಾರೆ. ಬೆಕ್ಕಿನ ವಿಷಯದಲ್ಲಿ ಇನ್ನೂ ನಾಜೂಕು. ಅದರ ದೃಷ್ಟಿನರ ಗಿಡ್ಡದು. ಎರಡೂ ಕಣ್ಣಿನ ನರಗಳು ಕೂಡುವ ಸಂಧಿಸ್ಥಾನ ಹತ್ತಿರದಲ್ಲೇ ಇರುತ್ತದೆ. ರೋಗದ ಕಣ್ಣನ್ನು ಬಲವಾಗಿ ಎಳೆದರೆ ಒಳ್ಳೆಯ ಕಣ್ಣೂ ಕುರುಡಾಗುವ ಸಂಭವವಿದೆ. ಆದ್ದರಿಂದ ಇದು ಯಾರೋ ಸೂಜಿ ಹಿಡಿಯಬಲ್ಲವರ ಕೈಯಲ್ಲಿ ಅಂಗಳದಲ್ಲಿ ಮುಗಿಸುವ ಕೆಲಸವಲ್ಲ. ತಾಲೂಕಿನ ದವಾಖಾನೆಯಲ್ಲಿ ಆಗದೆ ಹೋದರೆ ಸಾತಾರಾ ಜಿಲ್ಲೆಯ ಶಿರವಳದಲ್ಲಿ 1988ರಿಂದ ಪಶುವೈದ್ಯಕೀಯ ಕಾಲೇಜಿದೆ. ದನವನ್ನು ಸಾಗಿಸಲಾಗದವರು 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು.

ಸಂತೆಯ ಲೆಕ್ಕ

ಕಣ್ಣು ತೆಗೆಸಲು ಹಿಂಜರಿಯುವುದಕ್ಕೆ ಕರುಣೆ, ಅಪಶಕುನದ ಭಯ ಎಂದು ನಾವು ಹೇಳಿಕೊಳ್ಳುತ್ತೇವೆ. ಅದು ಅರ್ಧ ಸತ್ಯ. ಇನ್ನರ್ಧ ಸಂತೆಯದು. ಜತ್ತದ ಯಲ್ಲಮ್ಮನ ಜಾತ್ರೆಯಲ್ಲಿ, ಆಟಪಾಡಿಯ ಕಡೆ ಖರಸುಂಡಿಯಲ್ಲಿ ಕಿಲಾರಿ ಎತ್ತುಗಳನ್ನು ಕೊಳ್ಳುವವರು ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ. ಒಕ್ಕಣ್ಣಿನ ಎತ್ತಿನ ಮುಂದೆ ನಿಲ್ಲುವುದೇ ಇಲ್ಲ. ಹೂ ಬಿದ್ದ ಕಣ್ಣನ್ನು ಹೇಗೋ ಮಾತಿನಲ್ಲಿ ತೇಲಿಸಬಹುದು, ಹೊಲಿದ ಗುಳಿಯನ್ನು ತೇಲಿಸಲಾಗದು. ಹೀಗಾಗಿ ನೋವಿನ ಕಣ್ಣನ್ನು ಮಾರುವ ದಿನದ ತನಕ ಉಳಿಸಿಕೊಳ್ಳುವ ಜಾಣತನ ನಡೆದುಬಂದಿದೆ.

ಆ ಜಾಣತನದ ಬೆಲೆಯೂ ಈಗ ಇಳಿದಿದೆ. ಮಹಾರಾಷ್ಟ್ರದಲ್ಲಿ 1976ರ ಕಾಯಿದೆಯಲ್ಲಿ ಪೂರ್ಣ ವಧಾನಿಷೇಧವಿದ್ದದ್ದು ಆಕಳಿಗೆ ಮಾತ್ರ. 2015ರ ತಿದ್ದುಪಡಿ ಹೋರಿ ಎತ್ತುಗಳನ್ನೂ ಸೇರಿಸಿತು. ಗಡಿಯಾಚೆ ಕರ್ನಾಟಕದಲ್ಲಿಯೂ 2021ರಿಂದ ಕಾಯಿದೆ ಬಿಗಿಯಾಗಿದೆ. ಕಾಯಿದೆಯ ಒಳಿತು ಕೆಡುಕುಗಳ ಚರ್ಚೆ ಇಲ್ಲಿ ಬೇಡ. ಕಣ್ಣು ಕೆಟ್ಟ ಎತ್ತು ಇನ್ನು ಮನೆಯಲ್ಲಿಯೇ ಬಾಳಬೇಕು ಎಂಬುದಷ್ಟೇ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು. ಬಾಳುವುದಾದರೆ ನೋವಿಲ್ಲದೆ ಬಾಳಲಿ, ಸಾಧ್ಯವಾದರೆ ದುಡಿದು ಬಾಳಲಿ.

ದುಡಿಯಬಲ್ಲುದೆ? ಬಲ್ಲುದು. ಮನುಷ್ಯನಿಗೆ ಮುಂದೆ ಮಾತ್ರ ಕಾಣುತ್ತದೆ. ದನದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಳತೆಯ 360 ಅಂಶಗಳಲ್ಲಿ ಸುಮಾರು 330 ಅಂಶ ಅದರ ನೋಟಕ್ಕೆ ಸಿಗುತ್ತದೆ. ಒಂದು ಕಣ್ಣು ಹೋದರೆ ಒಂದು ಪಕ್ಕದ ಜಗತ್ತು ಪೂರ್ತಿ ಕತ್ತಲಾಗುತ್ತದೆ, ಇನ್ನೊಂದು ಪಕ್ಕ ಮೊದಲಿನಂತೆಯೇ ಇರುತ್ತದೆ. ಕತ್ತಲಾದ ಪಕ್ಕದಿಂದ ಸದ್ದಿಲ್ಲದೆ ಹೋಗಿ ಮುಟ್ಟಿದರೆ ಬೆಚ್ಚಿ ಒದೆಯುತ್ತದೆ. ಮಾತಾಡಿಸುತ್ತ ಹೋದರೆ ಕಿವಿಯೇ ಆ ಪಕ್ಕದ ಕಣ್ಣಾಗುತ್ತದೆ.

ನಮ್ಮ ನೆರೆಯ ರೈತರೊಬ್ಬರ ಎತ್ತಿನ ಎಡಗಣ್ಣು ಕೂಳೆ ಚುಚ್ಚಿ ಒಡೆದಿತ್ತು. ಗೌರಿಯದನ್ನು ಕಂಡಿದ್ದರಿಂದ ಅವರು ತಡಮಾಡಲಿಲ್ಲ. ನಾಲ್ಕನೆಯ ದಿನಕ್ಕೆ ತೆಗೆಸಿದರು. ಗಾಯ ಮಾಯ್ದು ಒಂದು ತಿಂಗಳು ಕಳೆದ ಮೇಲೆ ನೊಗಕ್ಕೆ ಹೂಡಿದಾಗ ಅದು ಹೆಜ್ಜೆ ಹೆಜ್ಜೆಗೂ ಬೆದರಿ ಎಡಕ್ಕೆ ಎಳೆಯಿತು. ಅದು ಮೊದಲಿನಿಂದ ಎಡಕ್ಕೆ ಹೂಡುತ್ತಿದ್ದ ಎತ್ತು. ಕುರುಡು ಪಕ್ಕ ಹೊಲದ ಕಡೆಗೆ ತೆರೆದುಕೊಂಡಿತ್ತು. ಅವರ ಮನೆಯ ಮುದುಕರು ಒಂದು ದಿನ ನೋಡಿ, ‘ಬಲಕ್ಕ ಹೂಡೋ’ ಎಂದರಂತೆ. ಬಲಕ್ಕೆ ಹೂಡಿದರೆ ಕುರುಡು ಪಕ್ಕ ಜೊತೆಯ ಎತ್ತಿನ ಕಡೆಗೆ ಬರುತ್ತದೆ, ಒಳ್ಳೆಯ ಕಣ್ಣು ಹೊರಗೆ ನೋಡುತ್ತದೆ. ಕೆಲವು ದಿನ ಎರಡೂ ಎತ್ತುಗಳು ತಬ್ಬಿಬ್ಬಾದವು. ಆಮೇಲೆ ಹೊಂದಿಕೊಂಡವು. ನಮ್ಮ ಕಡೆ ಕಾರಹುಣ್ಣಿಮೆಯನ್ನು ಮರಾಠಿಯವರು ಕರ್ನಾಟಕೀ ಬೇಂದೂರ ಎನ್ನುತ್ತಾರೆ. ಆ ವರ್ಷದ ಬೇಂದೂರಕ್ಕೆ ಅದರ ಕೋಡಿಗೆ ಬಣ್ಣ ಬಳಿದು, ಝೂಲು ಹೊದಿಸಿ, ಜೊತೆಯ ಎತ್ತಿನ ಬಲಕ್ಕೇ ನಿಲ್ಲಿಸಿ ಮೆರೆಸಿದರು.

ಗೌರಿ ಮರುವರ್ಷ ಹೆಣ್ಣುಕರು ಹಾಕಿತು. ಹಾಲು ಮೊದಲಿನಷ್ಟಕ್ಕೇ ಬಂದಿತು. ಕರುವಿನ ಮುಖವೂ ಬಿಳುಪಾಗಿರುವುದರಿಂದ ಅವ್ವ ಪ್ರತಿ ಸೋಮವಾರ ಮೈ ತೊಳೆಯುವಾಗ ಅದರ ಎರಡೂ ಕಣ್ಣುಗಳ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ, ಬೆಳಕಿಗೆ ಹಿಡಿದು, ಒಳಮೂಲೆಯ ತನಕ ನೋಡುತ್ತಾಳೆ.